ರಿಪೋರ್ಟ್ ನಾರ್ಮಲ್, ನೋವು ಜೋರು: ಫೈಬ್ರೋಮಯಾಲ್ಜಿಯ ಇರುವವರು ಡಾಕ್ಟರ ಹತ್ತಿರ ಹೇಗೆ ಮಾತಾಡುತ್ತೀರಿ?

ತುಂಗೆ_ದಡದ_ಟೀಚರ್, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ನನಗೆ ಫೈಬ್ರೋಮಯಾಲ್ಜಿಯ ಇದೆ, ಅಂದರೆ ಮೈತುಂಬ ನೋವು, ದಣಿವು ಬಹುಕಾಲ ಕಾಡುವ ಕಾಯಿಲೆ. ಹೆಸರು ಗೊತ್ತಾಗಿದ್ದು ಹೋದ ವರ್ಷ. ನೋವು ಶುರುವಾಗಿದ್ದು ಮಾತ್ರ ಎರಡನೇ ಮಗ ಹುಟ್ಟಿದ ಮೇಲೆ. ಅವನು ಈಗ ಐದನೇ ಕ್ಲಾಸು.

ಕತ್ತು, ಹೆಗಲು, ಸೊಂಟ, ತೊಡೆ, ಎಲ್ಲ ಕಡೆ ನೋವು. ಇವತ್ತು ಇಲ್ಲಿ ಜಾಸ್ತಿ, ನಾಳೆ ಅಲ್ಲಿ ಜಾಸ್ತಿ. ರಾತ್ರಿ ಪೂರ್ತಿ ಮಲಗಿದರೂ ಬೆಳಿಗ್ಗೆ ನಿದ್ದೆ ಮಾಡಿದ ಲಕ್ಷಣವೇ ಇರುವುದಿಲ್ಲ. ಬೋರ್ಡಿನ ಮೇಲ್ಗಡೆ ಬರೆಯಲು ಕೈ ಎತ್ತಿದರೆ ಎರಡನೇ ಸಾಲಿಗೆ ಕೈ ತಾನಾಗೇ ಇಳಿಯುತ್ತದೆ. ಪಾಠದ ಮಧ್ಯೆ ದಿನಾ ಹೇಳುವ ಪದವೇ ನೆನಪಾಗುವುದಿಲ್ಲ, ಮಕ್ಕಳೇ ಹೇಳಿಕೊಡುತ್ತಾರೆ.

ಫೈಲ್ ದಪ್ಪಗಾಗಿದೆ. ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಎಎನ್‌ಎ, ಥೈರಾಯ್ಡ್, ಬಿ12 ಎಲ್ಲ ನಾರ್ಮಲ್. ಡಿ ವಿಟಮಿನ್ ಕಡಿಮೆ ಇತ್ತು. 60,000 ಯೂನಿಟ್‌ನ ಪುಡಿ ಹಾಲಿಗೆ ಹಾಕಿ ಕುಡಿದೆ, ಅದೂ ಸರಿಹೋಯಿತು. ನೋವು ಹಾಗೇ ಇದೆ. "ಎಲ್ಲಾ ನಾರ್ಮಲ್ ಇದೆಯಲ್ಲಮ್ಮಾ, ಖುಷಿ ಪಡಬೇಕು ನೀವು" ಅಂತ ಹೇಳಿದವರು ಎಷ್ಟು ಜನವೋ.

ಕೊನೆಗೆ ಬೇರೆ ಊರಿನ ಒಬ್ಬ ರುಮಟಾಲಜಿಸ್ಟ್ (ಕೀಲು, ಸ್ನಾಯು ನೋವಿನ ತಜ್ಞರು) ಹತ್ತಿರ ಹೋದೆ. ಅಲ್ಲಿ ನರ್ಸ್ ಬಿಪಿ ಪಟ್ಟಿ ಕಟ್ಟಿ ಗಾಳಿ ತುಂಬುವಾಗ ತಡೆಯಲಾಗದೆ ಕೈ ಎಳೆದುಕೊಂಡೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, "ಯಾವಾಗ್ಲೂ ಹೀಗೇ ನೋಯುತ್ತಾ?" ಅಂದರು. ಹೌದು ಅಂದೆ. ಹಿಂದೆ ಎಲ್ಲೆಲ್ಲೋ ಬಿಪಿ ನೋಡಿದ್ದಾರೆ, ಯಾರೂ ಕೇಳಿರಲಿಲ್ಲ. ಆಮೇಲೆ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಕಾಯಿಲೆಯ ಹೆಸರು ಚೀಟಿಯಲ್ಲಿ ಬರೆದು ಕೊಟ್ಟರು.

ಈಗ ತೊಂದರೆ ಏನೆಂದರೆ, ಆ ಚೀಟಿ ನಮ್ಮೂರಲ್ಲಿ ನಡೆಯುತ್ತಿಲ್ಲ. ಒಬ್ಬರು ಅದನ್ನು ನೋಡಿ, "ಇದು ಬೇರೇನೂ ಸಿಗದಿದ್ದಾಗ ಇಡೋ ಹೆಸರು" ಅಂದರು. ಹೆಡ್‌ಮಾಸ್ಟರಿಗೆ ಕುರ್ಚಿ ಕೇಳಿದರೆ ಸರ್ಟಿಫಿಕೇಟ್ ತನ್ನಿ ಎನ್ನುತ್ತಾರೆ. ಮುಂದಿನ ವಾರ ಇಲ್ಲೇ ಹೊಸ ಫಿಜಿಷಿಯನ್ ಒಬ್ಬರ ಅಪಾಯಿಂಟ್‌ಮೆಂಟ್ ಇದೆ. ಅತ್ತರೆ ಡಿಪ್ರೆಷನ್ ಅಂತಾರೆ. ನಗುತ್ತಾ ಮಾತಾಡಿದರೆ ಚೆನ್ನಾಗೇ ಇದ್ದೀರಲ್ಲ ಅಂತಾರೆ. ಓದಿಕೊಂಡು ಹೋದರೆ ಗೂಗಲ್ ಡಾಕ್ಟರ್ ಅಂತಾರೆ. ನೀವೆಲ್ಲ ಹೇಗೆ ಮಾತಾಡುತ್ತೀರಿ?

ದಾವಣಗೆರೆ_ವೈರ್‌ಮನ್

ಟೀಚರ್, ನಿಮಗೆ ಹೆಸರಾದರೂ ಸಿಕ್ಕಿದೆ. ನಾನು ಗಂಡಸು, ಕರೆಂಟ್ ಕೆಲಸ ಮಾಡುವವನು. "ಇದು ಹೆಂಗಸರಿಗೆ ಬರೋದು ಕಣಯ್ಯಾ" ಅಂತ ಒಬ್ಬ ಡಾಕ್ಟರು ಮುಖದ ಮೇಲೇ ಹೇಳಿದರು. ಇನ್ನೊಬ್ಬರು ಕುಡಿತೀಯಾ ಅಂತ ಕೇಳಿದರು. ಕುಡಿಯಲ್ಲ ಸಾರ್ ಅಂದೆ, ನಂಬಲಿಲ್ಲ. ನೋವನ್ನೂ ನಂಬಲಿಲ್ಲ, ಕುಡಿಯದಿರುವುದನ್ನೂ ನಂಬಲಿಲ್ಲ!

ಏಣಿ ಹತ್ತುವ ಕೆಲಸ ಬಿಟ್ಟಿದ್ದೇನೆ. ನೆಲದ ಮೇಲಿನ ಕೆಲಸ ಮಾತ್ರ ಮಾಡುತ್ತೇನೆ. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ನಾನೂ ಕೇಳಲು ಬಂದವನು.

ತಾಲೂಕು_ಡಾಕ್ಟರ್

ನಾನು ತಾಲೂಕು ಆಸ್ಪತ್ರೆಯಲ್ಲಿರುವ ಸಾಮಾನ್ಯ ವೈದ್ಯ, ಈ ವಿಷಯದ ತಜ್ಞನಲ್ಲ. ಆದರೆ ಮೇಜಿನ ಈ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳಬಲ್ಲೆ.

ಒಪಿಡಿ ದಿನ ಒಬ್ಬರಿಗೆ ಸಿಗುವುದು ಮೂರ್ನಾಲ್ಕು ನಿಮಿಷ. "ಮೈಯೆಲ್ಲಾ ನೋವು ಸಾರ್" ಎಂಬ ಮಾತು ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಎಷ್ಟೋ ಸಲ ಕೇಳಿರುತ್ತೇವೆ. ವೈರಲ್ ಜ್ವರದವರೂ ಅದನ್ನೇ ಹೇಳುತ್ತಾರೆ, ರಕ್ತ ಕಡಿಮೆ ಇರುವವರೂ ಅದನ್ನೇ ಹೇಳುತ್ತಾರೆ. ಅಲ್ಲಿಗೆ ಪೆನ್ನು ತಾನಾಗೇ ಪ್ಯಾರಾಸಿಟಮಾಲ್ ಬರೆಯುತ್ತದೆ. ಸರಿ ಅನ್ನುತ್ತಿಲ್ಲ, ಆಗುವುದು ಹೀಗೆ.

ಎರಡನೆಯದು ಓದಿನ ವಿಷಯ. 1990ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ಒಂದು ನಿಯಮ ಮಾಡಿತ್ತು. ಮೈಮೇಲೆ 18 ಗುರುತಿಸಿದ ಜಾಗ. ಹೆಬ್ಬೆರಳಿನಿಂದ ಸುಮಾರು 4 ಕೆಜಿ ಒತ್ತಡ ಹಾಕಿದಾಗ 11 ಕಡೆ ನೋಯಬೇಕು. ನಮ್ಮಲ್ಲಿ ಹಲವರ ತಲೆಯಲ್ಲಿ ಈಗಲೂ ಇರುವುದು ಅದೇ. 2010ರಲ್ಲಿ ಆ ಒತ್ತಿ ನೋಡುವ ಪದ್ಧತಿಯನ್ನೇ ಕೈಬಿಟ್ಟು ಹೊಸ ಮಾನದಂಡ ಬಂತು. 2016ರಲ್ಲಿ ಅದನ್ನು ಮತ್ತೆ ತಿದ್ದಿದರು. ಈಗ ನೋಡುವುದು ದೇಹದ 19 ಭಾಗಗಳಲ್ಲಿ ಎಷ್ಟು ಕಡೆ ನೋವಿದೆ, ದಣಿವು ಎಷ್ಟು, ಎದ್ದಾಗ ನಿದ್ದೆಯಾದ ಹಾಗೆ ಅನಿಸುತ್ತದೆಯೇ, ನೆನಪು ಮತ್ತು ಗಮನ ಹೇಗಿದೆ, ಇದೆಲ್ಲ ಮೂರು ತಿಂಗಳಾದರೂ ಇದೆಯೇ ಎಂಬುದನ್ನು. ಅಂದರೆ ರೋಗಿ ಹೇಳುವ ಮಾತೇ ಇಲ್ಲಿ ಟೆಸ್ಟು. ರಕ್ತ ಪರೀಕ್ಷೆ ಮಾಡುವುದು ಬೇರೆ ಕಾಯಿಲೆ ಇಲ್ಲ ತಾನೇ ಅಂತ ನೋಡಲು. ಅದು ನಾರ್ಮಲ್ ಬಂದರೆ ನೋವು ಸುಳ್ಳು ಅಂತ ಅರ್ಥವಲ್ಲ.

ಇನ್ನೊಂದು. "ಬೇರೇನೂ ಸಿಗದಿದ್ದಾಗ ಇಡುವ ಹೆಸರು" ಎಂಬುದು ಈಗ ಸರಿಯಲ್ಲ. 2016ರ ಮಾನದಂಡದ ಪ್ರಕಾರ ಬೇರೆ ಕಾಯಿಲೆ ಇದ್ದರೂ ಜೊತೆಗೆ ಇದೂ ಇರಬಹುದು.

ಹಾಗಾಗಿ ಟೀಚರ್, ಮೊದಲ ವಾಕ್ಯದಲ್ಲಿ "ಮೈಯೆಲ್ಲಾ ನೋವು" ಬೇಡ. "ಇಷ್ಟು ವರ್ಷದಿಂದ ಎರಡೂ ಬದಿ, ಸೊಂಟದ ಮೇಲೂ ಕೆಳಗೂ ನೋವಿದೆ. ನಿದ್ದೆ ಮಾಡಿದರೂ ದಣಿವು ಹೋಗುವುದಿಲ್ಲ. ಬೋರ್ಡಿನಲ್ಲಿ ಎರಡು ಸಾಲು ಬರೆಯಲು ಆಗುತ್ತಿಲ್ಲ." ಇಷ್ಟು ಸಾಕು. ಆ ಬೋರ್ಡಿನ ಮಾತು ಬಿಡಬೇಡಿ. ನೋವಿಗೆ ಹತ್ತಕ್ಕೆ ಎಂಟು ಅಂತ ಅಂಕ ಕೊಟ್ಟರೆ ನಾವು ಮರೆಯುತ್ತೇವೆ, ಏನು ಮಾಡಲು ಆಗುತ್ತಿಲ್ಲ ಅಂತ ಹೇಳಿದರೆ ಬರೆದುಕೊಳ್ಳುತ್ತೇವೆ.

ಸುಮ್ನೆ_ಕೇಳ್ದೆ

ಬೇಜಾರು ಮಾಡಿಕೊಳ್ಳಬೇಡಿ, ಕೇಳಲೇಬೇಕು ಅನಿಸಿತು. ನಮ್ಮಜ್ಜಿ ಬಾವಿಯಿಂದ ನೀರು ಸೇದಿ, ಒರಳಲ್ಲಿ ರುಬ್ಬಿ, ಹತ್ತು ಜನರಿಗೆ ಅಡುಗೆ ಮಾಡಿ ಗಟ್ಟಿಯಾಗೇ ಇದ್ದರು. ಆಗ ಈ ಕಾಯಿಲೆ ಯಾಕಿರಲಿಲ್ಲ? ಕೂತು ಕೂತು ಬಂದ ಹೊಸ ಫ್ಯಾಷನ್ ಕಾಯಿಲೆ ಅಲ್ವಾ ಇದು? ಟೆಸ್ಟಲ್ಲಿ ಏನೂ ಇಲ್ಲ ಅಂದರೆ ಡಾಕ್ಟರಾದರೂ ಏನು ಮಾಡುತ್ತಾರೆ?

ತಾಲೂಕು_ಡಾಕ್ಟರ್

ಹೊಸದಲ್ಲ ಸರ್. 1904ರಲ್ಲೇ ವಿಲಿಯಂ ಗೋವರ್ಸ್ ಎಂಬ ಬ್ರಿಟಿಷ್ ನರವೈದ್ಯರು ಇಂಥ ನೋವಿಗೆ ಫೈಬ್ರೋಸೈಟಿಸ್ ಅಂತ ಹೆಸರಿಟ್ಟಿದ್ದರು. ಸ್ನಾಯುವಿನಲ್ಲಿ ಉರಿಯೂತ ಇದೆ ಅಂತ ಅವರು ಅಂದುಕೊಂಡಿದ್ದರು. ಅದು ಸಿಗಲಿಲ್ಲ, ಹಾಗಾಗಿ 1970ರ ದಶಕದಲ್ಲಿ ಹೆಸರು ಬದಲಾಯಿತು.

ಈಗಿನ ತಿಳಿವಳಿಕೆ ಏನೆಂದರೆ ತೊಂದರೆ ಇರುವುದು ನೋವಿನ ಸುದ್ದಿಯನ್ನು ನಿಭಾಯಿಸುವ ಮಿದುಳು ಮತ್ತು ಬೆನ್ನುಹುರಿಯಲ್ಲಿ. ಕಳ್ಳ ಬಂದಾಗ ಬೊಗಳಬೇಕಾದ ನಾಯಿ ತರಗೆಲೆ ಬಿದ್ದರೂ ರಾತ್ರಿಯಿಡೀ ಬೊಗಳಿದ ಹಾಗೆ. ಬಿಪಿ ಪಟ್ಟಿ ನೋಯುವುದು ಅದಕ್ಕೇ. ನಾಯಿ ಬೊಗಳುತ್ತಿರುವುದು ಸುಳ್ಳಲ್ಲ, ಅಂಗಳದಲ್ಲಿ ಕಳ್ಳನನ್ನು ಹುಡುಕಿದರೆ ಸಿಗುವುದಿಲ್ಲ ಅಷ್ಟೇ. ಎಕ್ಸ್‌ರೇಯಲ್ಲಿ ಸಿಗದಿರುವುದೂ ಹಾಗೇ.

ಇದೇ ಪೂರ್ತಿ ಕಥೆ ಅಂತಲೂ ಹೇಳಲಾರೆ. 2021ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್, ಲಿವರ್‌ಪೂಲ್ ವಿಶ್ವವಿದ್ಯಾಲಯ ಮತ್ತು ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯವರು ರೋಗಿಗಳ ರಕ್ತದ ಪ್ರತಿಕಾಯಗಳನ್ನು (ಆಂಟಿಬಾಡಿ) ಇಲಿಗಳಿಗೆ ಚುಚ್ಚಿ ನೋಡಿದರು. ಇಲಿಗಳಿಗೆ ಸ್ವಲ್ಪ ಒತ್ತಿದರೂ, ತಣ್ಣಗೆ ತಾಗಿದರೂ ನೋವು ಜಾಸ್ತಿಯಾಯಿತು. ಕಾಲಿನ ಹಿಡಿತ ಕಡಿಮೆಯಾಯಿತು. ಆರೋಗ್ಯವಂತರ ಪ್ರತಿಕಾಯ ಕೊಟ್ಟ ಇಲಿಗಳಿಗೆ ಏನೂ ಆಗಲಿಲ್ಲ. ಇದರಿಂದ ಇನ್ನೂ ಟೆಸ್ಟಾಗಲಿ ಔಷಧಿಯಾಗಲಿ ಬಂದಿಲ್ಲ. ಆದರೆ ಇಲಿಗೆ ಮನೆ ಟೆನ್ಷನ್ ಇರುವುದಿಲ್ಲ, ಅಲ್ವಾ?

ಮಂಡ್ಯದ_ಅಜ್ಜಿ

ಸುಮ್ನೆ ಕೇಳಿದಪ್ಪಾ, ನಾನು ಆ ಕಾಲದವಳೇ. ನೀನು ಹೇಳುವ ಒರಳು ರುಬ್ಬಿದವಳು. ನಮ್ಮ ಚಿಕ್ಕಮ್ಮ ಒಬ್ಬಳಿದ್ದಳು. ಬೆಳಿಗ್ಗೆ ಏಳಲಾಗುತ್ತಿರಲಿಲ್ಲ, ಕೈ ಮುಟ್ಟಿದರೆ ಅಯ್ಯೋ ಅನ್ನುತ್ತಿದ್ದಳು. ಮೊದಲು ವಾಯು ಅಂದರು. ಆಮೇಲೆ ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದರು. ಯಾವುದಕ್ಕೂ ಹೋಗದೆ ಇದ್ದಾಗ ಮೈಗಳ್ಳಿ ಅಂದರು. ಆ ಹೆಸರು ಕೊನೇ ತನಕ ಹೋಗಲಿಲ್ಲ. ಅತ್ತೆ ಮನೆಯವರು ತವರಿಗೆ ಬಿಟ್ಟು ಹೋದರು.

ನಿಮ್ಮಜ್ಜಿ ಗಟ್ಟಿ ಇದ್ದರು, ಒಪ್ಪಿದೆ. ಗಟ್ಟಿ ಇಲ್ಲದವರ ಕಥೆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ.

ಸುಮ್ನೆ_ಕೇಳ್ದೆ

ಅಜ್ಜಿ, ನಿಮ್ಮ ಮಾತು ಸರಿ ಇರಬಹುದು. ಆದರೂ ರಜೆಗಾಗಿ ನೋವು ಅನ್ನುವವರನ್ನು ನಮ್ಮ ಆಫೀಸಿನಲ್ಲಿ ನೋಡಿದ್ದೇನೆ. ಎಲ್ಲರನ್ನೂ ನಂಬಲು ಆಗುತ್ತಾ?

ಬರ್ಮಿಂಗ್‌ಹ್ಯಾಮ್_ಕನ್ನಡಿಗ

ನಂಬಬೇಕೇ ಬೇಡವೇ ಎಂಬ ಈ ಪ್ರಶ್ನೆಗೆ ನೋವಿನ ವೈದ್ಯರೇ ಒಂದು ತೀರ್ಮಾನ ಮಾಡಿದ್ದಾರೆ. ನೋವು ಎಂದರೇನು ಅಂತ ವ್ಯಾಖ್ಯೆ ಕೊಡುವ ಅಂತರರಾಷ್ಟ್ರೀಯ ಸಂಘಟನೆ ಐಎಎಸ್‌ಪಿ 1979ರ ತನ್ನ ವ್ಯಾಖ್ಯೆಯನ್ನು 2020ರಲ್ಲಿ ತಿದ್ದಿತು. ಅದರ ಜೊತೆಗಿರುವ ಟಿಪ್ಪಣಿಗಳಲ್ಲಿ ಒಂದು, ನೋವಿದೆ ಅಂತ ಒಬ್ಬರು ಹೇಳಿದರೆ ಅದನ್ನು ಗೌರವಿಸಬೇಕು ಅಂತ ಹೇಳುತ್ತದೆ. ಮಾತಾಡಲು ಬಾರದವರಿಗೂ ನೋವಿರಬಹುದು ಅಂತ ಇನ್ನೊಂದು ಟಿಪ್ಪಣಿ. ಸುಳ್ಳು ಹೇಳುವವರು ಎಲ್ಲ ಕಾಯಿಲೆಯಲ್ಲೂ ಇರುತ್ತಾರೆ. ಹೊಟ್ಟೆನೋವು ಅಂತ ಶಾಲೆ ತಪ್ಪಿಸುವ ಮಕ್ಕಳಿದ್ದಾರೆ ಅಂತ ಅಪೆಂಡಿಕ್ಸ್ ಇಲ್ಲ ಅನ್ನುತ್ತೇವಾ?

ನನ್ನ ಹೆಂಡತಿಗೆ ಈ ಕಾಯಿಲೆ ಇದೆ. ಇಲ್ಲಿ ಬ್ರಿಟನ್ನಿನಲ್ಲಿ ಎಲ್ಲ ಚೆನ್ನಾಗಿದೆ ಅಂತ ಅಂದುಕೊಳ್ಳಬೇಡಿ. ಹೆಸರು ಬೇಗ ಸಿಕ್ಕಿತು, ಸ್ಪೆಷಲಿಸ್ಟ್‌ಗಾಗಿ ತಿಂಗಳುಗಟ್ಟಲೆ ಕಾದೆವು. 2021ರ ಏಪ್ರಿಲ್‌ನಲ್ಲಿ ಇಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಮಾಡುವ ನೈಸ್ ಸಂಸ್ಥೆ ದೀರ್ಘಕಾಲದ ನೋವಿಗೆ ಮಾರ್ಗಸೂಚಿ ತಂದಿತು. ಇಂಥ ನೋವಿಗೆ ಹೊಸದಾಗಿ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತರದ ಮಾತ್ರೆ, ಅಫೀಮು ಜಾತಿಯ ಮಾತ್ರೆ, ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್ ಶುರು ಮಾಡಬೇಡಿ ಅಂತ ಹೇಳಿತು. ವ್ಯಾಯಾಮ, ಮನಸ್ಸಿನ ಚಿಕಿತ್ಸೆ, ಅಕ್ಯುಪಂಕ್ಚರ್, ಕೆಲವು ಖಿನ್ನತೆಯ ಮಾತ್ರೆ ಮಾತ್ರ. ಅಮೆರಿಕದಲ್ಲಿ ನೋಡಿದರೆ ಅದೇ ಪ್ರೀಗ್ಯಾಬಲಿನ್‌ಗೆ 2007ರಲ್ಲಿ ಇದೇ ಕಾಯಿಲೆಗೆ ಅಂತ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ! ಒಂದು ದೇಶದಲ್ಲಿ ಔಷಧಿ, ಇನ್ನೊಂದು ದೇಶದಲ್ಲಿ ಬೇಡ. ಈ ಗೊಂದಲವನ್ನು ನೋಡಿದ ಡಾಕ್ಟರಿಗೆ ಕಾಯಿಲೆಯ ಮೇಲೇ ಅನುಮಾನ ಬಂದರೆ ಅಚ್ಚರಿಯಿಲ್ಲ. ಆದರೆ ಅನುಮಾನ ಔಷಧಿಯ ಮೇಲಿರಲಿ, ರೋಗಿಯ ಮೇಲೆ ಯಾಕೆ?

ಹುಬ್ಬಳ್ಳಿ_ಬಿ27

ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಕ್ಷಮಿಸಿ.

ನನಗೆ ಫೈಬ್ರೋಮಯಾಲ್ಜಿಯ ಅಂತ ಬಹಳ ಬೇಗ ಹೆಸರು ಕೊಟ್ಟರು. ನಂಬಿದರು ಅಂತ ನನಗೂ ಖುಷಿಯಾಯಿತು. ಆಮೇಲೆ ಏನು ಹೇಳಿದರೂ "ಅದು ನಿಮ್ಮ ಫೈಬ್ರೋ" ಅಂತ ಮುಗಿಸುತ್ತಿದ್ದರು. ಬೆಳಗಿನ ಜಾವ ಸೊಂಟದ ನೋವಿಗೆ ಎಚ್ಚರವಾಗುತ್ತಿತ್ತು. ಎದ್ದು ಓಡಾಡಿದರೆ ಕಡಿಮೆ, ಮಲಗಿದರೆ ಜಾಸ್ತಿ. ಫೈಬ್ರೋ. ಕಣ್ಣು ಕೆಂಪಾಗಿ ಬೆಳಕು ನೋಡಲಾಗಲಿಲ್ಲ. ಅದು ಬೇರೆ, ಕಣ್ಣಿನ ಡಾಕ್ಟರಿಗೆ ತೋರಿಸಿ. ಆ ಕಣ್ಣಿನ ಡಾಕ್ಟರೇ, "ನಿಮಗೆ ಬೆನ್ನುನೋವು ಇದೆಯಾ?" ಅಂತ ಕೇಳಿದ್ದು. ಎಚ್‌ಎಲ್‌ಎ ಬಿ27 ಎಂಬ ರಕ್ತ ಪರೀಕ್ಷೆ ಪಾಸಿಟಿವ್ ಬಂತು. ಸೊಂಟದ ಸ್ಯಾಕ್ರೋಇಲಿಯಾಕ್ ಕೀಲಿನ ಎಂಆರ್‌ಐ ಮಾಡಿಸಿದಾಗ ಉರಿಯೂತ ಕಂಡಿತು. ನನ್ನದು ಬೆನ್ನುಮೂಳೆಯ ಸಂಧಿವಾತ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಜಾತಿಯದು. ಎಕ್ಸ್‌ರೇ ಆವರೆಗೂ ಸರಿಯಾಗೇ ಇತ್ತು. ಇದು ಗಂಡಸರ ಕಾಯಿಲೆ ಅಂತ ಬಹಳ ಕಾಲ ನಂಬಿದ್ದರಂತೆ, ಹಾಗಾಗಿ ಹೆಂಗಸರಲ್ಲಿ ಹುಡುಕುವುದೇ ಕಡಿಮೆ. ದಾವಣಗೆರೆಯವರಿಗೆ ಹೇಳಿದ್ದೂ ಇದೇ ಮಾತು, ಉಲ್ಟಾ ದಿಕ್ಕಿನಿಂದ.

ಟೀಚರ್, ಹೆಸರು ಸಿಕ್ಕಿದ ಮೇಲೂ ಪ್ರಶ್ನೆ ಕೇಳುವುದನ್ನು ಬಿಡಬೇಡಿ. ಒಬ್ಬ ಡಾಕ್ಟರು ನನ್ನನ್ನು ನಂಬಿದ್ದಾರೆ ಅಂತ ನಾನು ತಿಳಿಯುವುದು ಅವರು ಸಮಾಧಾನ ಹೇಳಿದಾಗ ಅಲ್ಲ. ನಾನು ಹೇಳಿದ್ದನ್ನು ಚೀಟಿಯಲ್ಲಿ ಬರೆದಾಗ, ಬರೆದದ್ದಕ್ಕೆ ಏನಾದರೂ ಮಾಡಿದಾಗ.

ತಾಲೂಕು_ಡಾಕ್ಟರ್

ಇದನ್ನು ಪೂರ್ತಿ ಒಪ್ಪುತ್ತೇನೆ. ಒಂದು ಹೆಸರು ಅಂಟಿಸಿ ಮತ್ತೆ ತಿರುಗಿ ನೋಡದೇ ಇರುವುದೂ ನಂಬದೇ ಇರುವುದರ ಇನ್ನೊಂದು ರೂಪ. 45 ವರ್ಷದೊಳಗೆ ಶುರುವಾದ ಸೊಂಟನೋವು, ರಾತ್ರಿಯ ಎರಡನೇ ಅರ್ಧದಲ್ಲಿ ಎಚ್ಚರ ಮಾಡಿಸುವ ನೋವು, ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬಿಗಿತ, ಓಡಾಡಿದರೆ ಕಡಿಮೆ, ಇವಿದ್ದರೆ ಅದನ್ನು ಬೇರೆಯಾಗೇ ಹೇಳಿ. ಕೀಲು ಊದಿದರೆ, ಜ್ವರ ಬಂದರೆ, ತೂಕ ಇಳಿದರೆ, ಕೈಕಾಲಿನ ಶಕ್ತಿ ಹೋದರೆ, ಅವನ್ನೂ ಫೈಬ್ರೋ ಲೆಕ್ಕಕ್ಕೆ ಹಾಕಬೇಡಿ. ರುಮಟಾಯ್ಡ್ ಸಂಧಿವಾತ ಇರುವವರಿಗೂ ಜೊತೆಗೆ ಫೈಬ್ರೋ ಬರುವುದುಂಟು, ಅಲ್ಲಿ ಯಾವ ನೋವು ಯಾವುದರದು ಅಂತ ಬಿಡಿಸುವುದು ನಮಗೂ ಕಷ್ಟ.

ಲಾಂಗ್_ಕೋವಿಡ್_ಲತೆ

ನನ್ನದೂ ಒಂದು ಎಚ್ಚರಿಕೆ. ಕೋವಿಡ್ ಆದ ಮೇಲೆ ನನಗೆ ಬಂದದ್ದು ಎಂಇ ಸಿಎಫ್‌ಎಸ್ ಅನ್ನುವ, ದಣಿವು ಬಿಡದೆ ಕಾಡುವ ಕಾಯಿಲೆ. ಮೊದಲು ಫೈಬ್ರೋ ಅಂದರು. ಫೈಬ್ರೋಗೆ ವ್ಯಾಯಾಮ ಒಳ್ಳೆಯದು, ಹಾಗಾಗಿ ದಿನಾ ನಡಿಗೆ ಜಾಸ್ತಿ ಮಾಡಿ ಅಂದರು. ಪ್ರತಿ ಸಲ ಜಾಸ್ತಿ ನಡೆದಾಗ ಒಂದು ದಿನ ಬಿಟ್ಟು ಹಾಸಿಗೆ ಹಿಡಿದೆ. ತಲೆಗೂದಲು ಬಾಚಲೂ ಆಗದಷ್ಟು. "ಮನಸ್ಸು ಮಾಡುತ್ತಿಲ್ಲ ನೀವು" ಅಂತ ಫಿಸಿಯೋ ಬೈದರು.

ಎಂಇಯಲ್ಲಿ ಶ್ರಮ ಪಟ್ಟ ಮೇಲೆ, ಎಷ್ಟೋ ಸಲ ಮಾರನೇ ದಿನ, ಎಲ್ಲ ಲಕ್ಷಣವೂ ಕೆರಳುತ್ತದೆ. ಅದೇ ಅದರ ಮುಖ್ಯ ಗುರುತು. ದಿನದಿನಕ್ಕೂ ವ್ಯಾಯಾಮ ಏರಿಸಿ ಅನ್ನುವ ಚಿಕಿತ್ಸೆಗೆ 2011ರಲ್ಲಿ ಬ್ರಿಟನ್ನಿನ ಪೇಸ್ ಅಧ್ಯಯನ ಬೆಂಬಲ ಕೊಟ್ಟಿತ್ತು. ರೋಗಿಗಳು ವರ್ಷಗಟ್ಟಲೆ ಜಗಳವಾಡಿದರು, ಆ ಅಧ್ಯಯನದ ಅಂಕಿ ಅಂಶ ಹೊರಬರಲು ಟ್ರಿಬ್ಯುನಲ್ ತನಕ ಹೋಗಬೇಕಾಯಿತು. 2021ರ ಅಕ್ಟೋಬರ್‌ನಲ್ಲಿ ನೈಸ್ ಆ ಚಿಕಿತ್ಸೆಯನ್ನು ಕೈಬಿಟ್ಟಿತು. ಅಲ್ಲಿಯವರೆಗೆ "ನಡೆದರೆ ಜಾಸ್ತಿಯಾಗುತ್ತದೆ" ಅಂದವರೆಲ್ಲ ಸೋಮಾರಿಗಳಾಗಿದ್ದರು. ಹಾಗಾಗಿ ನಡೆದ ಮಾರನೇ ದಿನ ಏನಾಗುತ್ತದೆ ಅಂತ ಬರೆದಿಡಿ.

ಕುಂದಾಪುರ_ಗಂಡ

ನಾನು ರೋಗಿಯ ಗಂಡ. ಟೀಚರ್, ಒಬ್ಬರೇ ಹೋಗಬೇಡಿ, ಯಾರನ್ನಾದರೂ ಕರೆದುಕೊಂಡು ಹೋಗಿ. ಆದರೆ ಅದರಲ್ಲೂ ಒಂದು ರಗಳೆ ಉಂಟು.

ನಾವು ಒಳಗೆ ಹೋಗಿ ಕೂತರೆ ಡಾಕ್ಟರು ನನ್ನ ಕಡೆ ತಿರುಗುತ್ತಾರೆ. ಅವಳು ಹೇಳುತ್ತಾಳೆ, ಅವರು ನನ್ನ ಮುಖ ನೋಡುತ್ತಾರೆ. "ಮನೆಯಲ್ಲಿ ಏನಾದ್ರೂ ಟೆನ್ಷನ್ನಾ?" ಅಂತ ಅವಳ ಎದುರೇ ನನ್ನನ್ನು ಕೇಳುತ್ತಾರೆ. ಅವಳು "ಬಟ್ಟೆ ಹಿಂಡಲು ಆಗುವುದಿಲ್ಲ" ಅಂದರೆ ಬರೆಯಲಿಲ್ಲ. ನಾನು "ಹೌದು ಸಾರ್, ಬಟ್ಟೆ ನಾನೇ ಹಿಂಡುವುದು" ಅಂದಾಗ ಬರೆದರು. ಅವಳು ಹೊರಗೆ ಬಂದು ಒಂದು ಮಾತೂ ಆಡಲಿಲ್ಲ. ಈಗ ನಮ್ಮ ಒಪ್ಪಂದ ಏನೆಂದರೆ, ನನ್ನನ್ನು ಕೇಳಿದರೆ "ಅವಳನ್ನೇ ಕೇಳಿ ಸಾರ್" ಅನ್ನುವುದು, ಅವಳು ಮರೆತದ್ದನ್ನು ಮಾತ್ರ ನೆನಪಿಸುವುದು. ಮೊದಮೊದಲು ಡಾಕ್ಟರಿಗೆ ಕಿರಿಕಿರಿಯಾಗುತ್ತದೆ. ಆಗಲಿ ಬಿಡಿ.

ಜಯನಗರ_4ನೇ_ಬ್ಲಾಕ್

ಒಂದು ವಿಷಯ ಯಾರೂ ಎತ್ತಲಿಲ್ಲ. ನನಗೆ ಅಮಿಟ್ರಿಪ್ಟಿಲಿನ್ 10 ಎಂಜಿ ಬರೆದರು. ಮೆಡಿಕಲ್ ಶಾಪಿನ ಹುಡುಗ ಅಷ್ಟು ಜನರ ಮಧ್ಯೆ, "ಡಿಪ್ರೆಷನ್ ಮಾತ್ರೆ ಅಲ್ವಾ ಮೇಡಂ, ಸ್ಟಾಕ್ ಇಲ್ಲ" ಅಂತ ಕೂಗಿದ. ಡಾಕ್ಟರು ನಂಬಿದ ಹಾಗೆ ನಾಟಕ ಮಾಡಿ ಹುಚ್ಚಿನ ಮಾತ್ರೆ ಕೊಟ್ಟರು ಅಂತ ಅನಿಸಿ ಚೀಟಿಯನ್ನೇ ಹರಿದೆ. ಇನ್ನೊಬ್ಬರು ಆಮೇಲೆ ವಿವರಿಸಿದರು. ಖಿನ್ನತೆಗೆ ಕೊಡುವ ಪ್ರಮಾಣ ಇದರ ಎಷ್ಟೋ ಪಟ್ಟು. ಇಷ್ಟು ಕಡಿಮೆ ಪ್ರಮಾಣ ಕೊಡುವುದು ನಿದ್ದೆಗೆ ಮತ್ತು ನೋವಿಗೆ. ಈ ಒಂದು ವಾಕ್ಯ ಮೊದಲ ಡಾಕ್ಟರೇ ಹೇಳಿದ್ದರೆ ಏನಾಗುತ್ತಿತ್ತು?

ತಮಾಷೆ ಏನು ಗೊತ್ತಾ, ನನ್ನ ನೋವು ನೋವೇ ಅಂತ ಮೊದಲು ಬರೆದು ಕೊಟ್ಟದ್ದು ಒಬ್ಬ ಮನೋವೈದ್ಯರು. ಎಲ್ಲ ಕಡೆ ಸುತ್ತಿ, ಕೊನೆಗೆ ಅವರ ಹತ್ತಿರ ತಳ್ಳಿದ್ದರು. ಅವರು ಪೂರ್ತಿ ಕೇಳಿ, "ಇವರಿಗೆ ಖಿನ್ನತೆ ಇಲ್ಲ, ನೋವಿಗೆ ಚಿಕಿತ್ಸೆ ಬೇಕು" ಅಂತ ಪತ್ರ ಕೊಟ್ಟು ವಾಪಸ್ ಕಳಿಸಿದರು. ಮನೋವೈದ್ಯರು ಅಂದ ತಕ್ಷಣ ಹೆದರಬೇಡಿ. ಖಿನ್ನತೆ ಇದ್ದರೂ ಸರಿ, ಅದಿದೆ ಅಂತ ನೋವು ಸುಳ್ಳಾಗುವುದಿಲ್ಲವಲ್ಲ.

ಕಚೇರಿ_ಗುಮಾಸ್ತ

ಟೀಚರ್, ಸರ್ಟಿಫಿಕೇಟ್ ಬಗ್ಗೆ ನಾನು ಹೇಳುತ್ತೇನೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ, ಫೈಬ್ರೋಮಯಾಲ್ಜಿಯ ಅದರಲ್ಲಿ ಇಲ್ಲ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗಾಗಿ ಅಲೆದು ಸುಸ್ತಾಗಬೇಡಿ. ನಿಮಗೆ ಬೇಕಿರುವುದು ಕುರ್ಚಿ. ಚಿಕಿತ್ಸೆ ಕೊಡುತ್ತಿರುವ ಡಾಕ್ಟರ ಲೆಟರ್‌ಹೆಡ್‌ನಲ್ಲಿ "ದೀರ್ಘಕಾಲ ನಿಲ್ಲುವುದು, ಕೈ ಎತ್ತಿ ಬರೆಯುವುದು ಕಡಿಮೆ ಮಾಡಬೇಕು, ಕೂತು ಪಾಠ ಮಾಡಲು ಅವಕಾಶ ಕೊಡುವುದು" ಅಂತ ಎರಡು ಸಾಲು ಸಾಕು. ಕಾಯಿಲೆಯ ಹೆಸರಿನ ಬಗ್ಗೆ ಹೆಡ್‌ಮಾಸ್ಟರ ಜೊತೆ ವಾದಕ್ಕೆ ಇಳಿಯಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.

ಹಳೇ ಆಸ್ಪತ್ರೆಯ ದಾಖಲೆ ಬೇಕಿದ್ದರೆ ಬರವಣಿಗೆಯಲ್ಲಿ ಕೇಳಿ. 2002ರ ವೈದ್ಯಕೀಯ ಪರಿಷತ್ತಿನ ನಡತೆ ನಿಯಮದಲ್ಲಿ, ಒಳರೋಗಿಯ ದಾಖಲೆ 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಇದೆ.

ಗುಣವಾಗುತ್ತೆ_ಖಂಡಿತ

ಯಾಕೆ ಇಷ್ಟೊಂದು ಒದ್ದಾಡುತ್ತೀರಿ? ನಮ್ಮ ಊರಿನ ಹತ್ತಿರ ಒಬ್ಬರು ಪುಡಿ ಕೊಡುತ್ತಾರೆ. ಮೂರೇ ದಿನದಲ್ಲಿ ನೋವು ಮಾಯ. ಪಥ್ಯ ಕೂಡ ಇಲ್ಲ. ವಿಳಾಸ ಬೇಕಾದವರು ಹೇಳಿ.

ತಾಲೂಕು_ಡಾಕ್ಟರ್

ಮೂರು ದಿನದಲ್ಲಿ ಎಲ್ಲ ನೋವೂ ಮಾಯವಾಗುವ ಪುಡಿ ಅಂದರೆ ನನಗೆ ಮೊದಲು ಬರುವ ಅನುಮಾನ ಸ್ಟೀರಾಯ್ಡ್. ಮುಖ ಊದಿಕೊಂಡು, ಸಕ್ಕರೆ ಏರಿ, ಮೂಳೆ ಸವೆದು ಬಂದವರನ್ನು ನೋಡಿದ್ದೇನೆ. ಫೈಬ್ರೋಮಯಾಲ್ಜಿಯಕ್ಕೆ ಸ್ಟೀರಾಯ್ಡ್ ಚಿಕಿತ್ಸೆಯೇ ಅಲ್ಲ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಪುಡಿಯನ್ನೂ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

ಆದರೆ ಒಂದು ಮಾತು. ಪುಡಿ ಕೊಡುವವನು ರೋಗಿಯನ್ನು ಕೂರಿಸಿ, ಮನೆ ಮಠ ವಿಚಾರಿಸಿ, ನೋವು ಎಲ್ಲಿದೆ ಅಂತ ಮುಟ್ಟಿ ನೋಡುತ್ತಾನೆ. ಜನ ಅಲ್ಲಿಗೆ ಹೋಗುವುದಕ್ಕೆ ಜನರನ್ನಷ್ಟೇ ಬೈದರೆ ಆಗದು.

ತುಂಗೆ_ದಡದ_ಟೀಚರ್, ಶಿವಮೊಗ್ಗ

ಎಲ್ಲರಿಗೂ ಥ್ಯಾಂಕ್ಸ್. ಹೋಗಿ ಬಂದೆ, ಏನಾಯಿತು ಅಂತ ಹೇಳುತ್ತೇನೆ.

ಅರ್ಧ ಪುಟ ಬರೆದುಕೊಂಡು ಹೋಗಿದ್ದೆ, ಕನ್ನಡದಲ್ಲೇ. ಏನು ಮಾಡಲು ಆಗುತ್ತಿಲ್ಲ ಎಂಬುದು ಮೇಲೆ, ನೋವಿನ ಜಾಗ ಕೆಳಗೆ, ತೆಗೆದುಕೊಂಡ ಮಾತ್ರೆಗಳು ಕೊನೆಗೆ. ಬೆಳಗಿನ ಜಾವದ ಸೊಂಟನೋವು ನನಗಿಲ್ಲ, ಅದನ್ನೂ ಬರೆದಿದ್ದೆ. ತಂಗಿ ಜೊತೆಗಿದ್ದಳು, ಬಾಯಿ ಬಿಡಬೇಡ ಅಂತ ಹೇಳಿಯೇ ಕರೆದುಕೊಂಡು ಹೋದೆ.

ಡಾಕ್ಟರು ಓದಿದರು. "ಫೈಬ್ರೋಮಯಾಲ್ಜಿಯ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ" ಅಂತ ನೇರವಾಗಿ ಹೇಳಿದರು. ಎದೆ ಧಸಕ್ ಅಂತು. ಆಮೇಲೆ, "ಆದರೆ ಬೋರ್ಡಲ್ಲಿ ಬರೆಯೋಕ್ಕಾಗ್ತಿಲ್ಲ ಅಂತಿದೀರಲ್ಲ, ಅದಕ್ಕೇನು ಮಾಡೋಣ ನೋಡೋಣ" ಅಂದರು. ಹೆಗಲು ಎತ್ತಿಸಿ, ತಿರುಗಿಸಿ ನೋಡಿದರು. ಹೆಗಲಿನ ಕೀಲು ಚೆನ್ನಾಗಿದೆ ಅಂತ ಬರೆದರು. ಡ್ಯೂಲಾಕ್ಸೆಟಿನ್ 20 ಎಂಜಿ ಶುರು ಮಾಡಿದರು, ಇದು ಖಿನ್ನತೆಗೂ ಕೊಡುವ ಮಾತ್ರೆ, ನಿಮಗೆ ಕೊಡುತ್ತಿರುವುದು ನೋವಿಗೆ ಅಂತ ಅವರೇ ಹೇಳಿದರು. ಫಿಸಿಯೋಗೆ ಬರೆದುಕೊಟ್ಟರು, ನಿಧಾನವಾಗಿ ಶುರು ಮಾಡಲು. ಕುರ್ಚಿಯ ಪತ್ರವನ್ನೂ ಕೊಟ್ಟರು. ಪತ್ರದಲ್ಲಿ ಕಾಯಿಲೆಯ ಹೆಸರಿನ ಜಾಗದಲ್ಲಿ "ದೀರ್ಘಕಾಲದ ವ್ಯಾಪಕ ನೋವು" ಅಂತ ಇದೆ.

ಹೆಸರನ್ನು ನಂಬದವರು ನೋವನ್ನು ನಂಬಿದರು. ಇದಕ್ಕೆ ಖುಷಿ ಪಡಬೇಕೋ ಬೇಜಾರಾಗಬೇಕೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ತಂಗಿ ಮಾತ್ರ, ಕುರ್ಚಿ ಸಿಕ್ಕಿತಲ್ಲ ಸುಮ್ನಿರು ಅಂದಳು.

ತಾಲೂಕು_ಡಾಕ್ಟರ್

ಬೇಜಾರು ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ 11ರಲ್ಲಿ ಫೈಬ್ರೋಮಯಾಲ್ಜಿಯ ಬರುವುದೇ ದೀರ್ಘಕಾಲದ ವ್ಯಾಪಕ ನೋವಿನ ಶೀರ್ಷಿಕೆಯ ಕೆಳಗೆ. ನಿಮ್ಮ ಡಾಕ್ಟರು ತಮಗೆ ನಂಬಿಕೆ ಇಲ್ಲ ಅಂತ ಹೇಳಿಯೂ ಸರಿಯಾದದ್ದನ್ನೇ ಬರೆದಿದ್ದಾರೆ!

ದಾವಣಗೆರೆ_ವೈರ್‌ಮನ್

ಟೀಚರ್, ಆ ಅರ್ಧ ಪುಟದ ಫೋಟೋ ಹಾಕಿ. ಬೋರ್ಡು ಅಂತ ಇರುವ ಕಡೆ ಏಣಿ ಅಂತ ಬರೆದುಕೊಂಡು ಹೋಗುತ್ತೇನೆ.

ತುಂಗೆ_ದಡದ_ಟೀಚರ್, ಶಿವಮೊಗ್ಗ

ಇವತ್ತು ಸಂಜೆ ಹಾಕುತ್ತೇನೆ ಅಣ್ಣ. ಡಾಕ್ಟರೇ, ಒಂದು ಕೇಳುವುದು ಮರೆತು ಬಂದೆ. ಡ್ಯೂಲಾಕ್ಸೆಟಿನ್ ಊಟಕ್ಕೆ ಮೊದಲಾ, ಆಮೇಲಾ?

ತಾಲೂಕು_ಡಾಕ್ಟರ್

ಊಟದ ಜೊತೆ ಅಥವಾ ಆಮೇಲೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಮೊದಲ ಒಂದೆರಡು ವಾರ ವಾಕರಿಕೆ, ಬಾಯಿ ಒಣಗುವುದು ಇರಬಹುದು. ಕ್ಯಾಪ್ಸೂಲನ್ನು ಬಿಚ್ಚದೆ, ಅಗಿಯದೆ ಪೂರ್ತಿ ನುಂಗಿ. ನೋವಿಗೆ ಅಂತ ಟ್ರಮಡಾಲ್ ಮನೆಯಲ್ಲಿದ್ದರೆ ಕೇಳದೆ ಜೊತೆಗೆ ತೆಗೆದುಕೊಳ್ಳಬೇಡಿ. ನಿಲ್ಲಿಸಬೇಕು ಅನಿಸಿದರೆ ನಿಮ್ಮ ಡಾಕ್ಟರನ್ನು ಕೇಳಿ ನಿಧಾನವಾಗಿ ನಿಲ್ಲಿಸಿ.